ಕಾರಿಗೆ ಬಣ್ಣದ ಲೈಟು ಹಾಕಿಸುವಾಗ ಫ್ಯೂಸ್ ಕೇಳಿ

ಕಳೆದ ಸಲ ರಜೆಗೆ ಊರಿಗೆ ಬಂದಾಗ ಅಕ್ಕನ ಮಗನ ಹೊಸ ಕಾರಿನಲ್ಲಿ ಮಂಗಳೂರಿನಿಂದ ಉಡುಪಿಗೆ ಹೊರಟಿದ್ದೆವು. ಜೂನ್ ತಿಂಗಳು, ಜೋರು ಮಳೆ. ಪಡುಬಿದ್ರಿ ದಾಟಿ ಕಾಪು ಹತ್ತಿರ ಬರುವಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಬದಿಗೆ ಹಾಕಿ ನಿಲ್ಲಿಸಿ, ಕೀ ತೆಗೆದು, ಮೊಬೈಲ್ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ಹಾಕಿದೆ. ಅಲ್ಲೊಂದು ಕೆಂಪು ವೈರು, ದಾರದಷ್ಟು ತೆಳ್ಳಗೆ. ಕಬ್ಬಿಣದ ಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹೋಗಿತ್ತು, ಉಳಿದದ್ದು ಕರಗಿ ಕಪ್ಪಾಗಿ ಪಕ್ಕದ ವೈರಿಗೂ ಅಂಟಿಕೊಂಡಿತ್ತು. ಹದಿನೈದು ದಿನದ ಹಿಂದೆ ಕಾರಿನೊಳಗೆ ಹಾಕಿಸಿದ ಬಣ್ಣದ ಲೈಟಿನ ವೈರು ಅದು. "ಇಪ್ಪತ್ತೇ ನಿಮಿಷದಲ್ಲಿ ಹಾಕಿ ಕೊಟ್ರು ಮಾಮ" ಅಂತ ಹುಡುಗ ಮೊದಲ ದಿನ ಖುಷಿಯಿಂದ ತೋರಿಸಿದ್ದ.

ನಾನಿರುವುದು ಶಾರ್ಜಾದಲ್ಲಿ. ನನ್ನ ಕಾರಿನಲ್ಲೂ ಇಂಥದ್ದೇ ಲೈಟಿದೆ. ಹಾಗಾಗಿ ಲೈಟು ಬೇಡ, ದುಂದುವೆಚ್ಚ ಅಂತ ಉಪದೇಶ ಮಾಡಲು ನಾನು ಬಂದಿಲ್ಲ. ಕುದ್ರೋಳಿ ದಸರಾಕ್ಕೆ ಊರಿಡೀ ಬಲ್ಬಿನ ಮಾಲೆ ನೋಡುತ್ತಾ ಬೆಳೆದವರು ನಾವು, ಬಣ್ಣದ ದೀಪ ಅಂದರೆ ನಮಗೆ ಇಷ್ಟವೇ. ನನ್ನ ತಕರಾರು ಇರುವುದು ಆ ದೀಪಕ್ಕೆ ಕರೆಂಟ್ ಎಲ್ಲಿಂದ ತೆಗೆಯುತ್ತಾರೆ ಅನ್ನುವುದರಲ್ಲಿ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಕಾರಿಗೆ ಲೈಟು ಹಾಕಿದವರು ಒಬ್ಬ ಮಲಯಾಳಿ ಎಲೆಕ್ಟ್ರಿಷಿಯನ್. ಮೊದಲು ಬ್ಯಾಟರಿಯ ಮೈನಸ್ ಕಳಚಲಿಲ್ಲ, ಮಲ್ಟಿಮೀಟರ್ ಹಿಡಿದು ಫ್ಯೂಸ್ ಬಾಕ್ಸಿನ ಒಂದೊಂದೇ ಜಾಗ ನೋಡಿದರು. ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಜಾಗ ಬೇಕಿತ್ತು ಅವರಿಗೆ. ಅದು ಸಿಕ್ಕಿದ ಮೇಲೆ ಮೈನಸ್ ಕಳಚಿ, ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ಕೆಲಸ ಶುರು ಮಾಡಿದರು. ಕಾರಿನ ವೈರು ಒಂದನ್ನೂ ಕತ್ತರಿಸಲಿಲ್ಲ. ಹಳೆ ಫ್ಯೂಸಿನ ಜಾಗದಲ್ಲಿ ಫ್ಯೂಸ್ ಟ್ಯಾಪ್ ಕೂರಿಸಿದರು. ಅದರಲ್ಲಿ ಎರಡು ಫ್ಯೂಸ್ ಕೂರುತ್ತವೆ, ಹಳೆಯದಕ್ಕೆ ಹಳೆಯದು, ಲೈಟಿಗೆ ಅದರದ್ದೇ ಇನ್ನೊಂದು. ಮುಂದಿನ ಗಾಜಿನ ಪಕ್ಕದ ಕಂಬದ ಮೇಲೂ ಲೈಟು ಬೇಕು ಅಂತ ನಾನು ಕೇಳಿದ್ದೆ. ಖಡಾಖಂಡಿತ ಆಗುವುದಿಲ್ಲ ಅಂದರು. ಅದರೊಳಗೆ ಕರ್ಟನ್ ಏರ್‌ಬ್ಯಾಗ್ ಇದೆ, ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಏನೂ ಅಡ್ಡ ಇರಬಾರದು. ಏರ್‌ಬ್ಯಾಗಿನ ಹಳದಿ ಬಣ್ಣದ ಕನೆಕ್ಟರುಗಳನ್ನು ಬೆರಳಲ್ಲೂ ಮುಟ್ಟಲಿಲ್ಲ. ಒಟ್ಟು ಒಂದೂವರೆ ಗಂಟೆ ಹಿಡಿಯಿತು.

ಅಕ್ಕನ ಮಗನ ಕಾರಿನಲ್ಲಿ ಏನು ಮಾಡಿದ್ದರು ಗೊತ್ತಾ? ಸಿಗರೇಟ್ ಲೈಟರಿನ ವೈರನ್ನು ಬ್ಲೇಡಲ್ಲಿ ಕೆರೆದು, ಅದಕ್ಕೆ ಈ ತೆಳು ವೈರು ಸುತ್ತಿ ಟೇಪ್ ಹಚ್ಚಿದ್ದರು, ಅಷ್ಟೇ. ಆ ಲೈನಿಗೆ ಇದ್ದದ್ದು ನೀಲಿ ಫ್ಯೂಸ್, ಅಂದರೆ 15 ಆಂಪಿಯರ್. ಈಗ ಲೆಕ್ಕ ನೋಡಿ. ಮೀಟರಿಗೆ 60 ಎಲ್‌ಇಡಿ ಇರುವ, 5050 ಅನ್ನುವ ದಪ್ಪ ಬಗೆಯ ಸ್ಟ್ರಿಪ್, ಅಂದರೆ ಲೈಟಿನ ಪಟ್ಟಿ, ಒಂದು ಮೀಟರಿಗೆ ಹೆಚ್ಚೆಂದರೆ 14 ವ್ಯಾಟ್ ಚಿಲ್ಲರೆ ಎಳೆಯುತ್ತದೆ. ಕಾರಿನೊಳಗೆ ಎರಡು ಮೀಟರ್ ಹಾಕಿದರೆ ಸುಮಾರು 29 ವ್ಯಾಟ್, ಎರಡೂವರೆ ಆಂಪಿಯರ್ ಆಸುಪಾಸು. ಎಂಜಿನ್ ಓಡುವಾಗ ವೋಲ್ಟೇಜ್ 14ಕ್ಕೆ ಏರುವುದರಿಂದ ಸ್ವಲ್ಪ ಜಾಸ್ತಿ. ಇದಕ್ಕೆ 5ರ ಫ್ಯೂಸ್ ಧಾರಾಳ. ಫ್ಯೂಸ್ ಕಾಯುವುದು ವೈರನ್ನು. ವೈರು ಎಲ್ಲೋ ಕಾರಿನ ಕಬ್ಬಿಣಕ್ಕೆ ತಾಗಿ 10 ಆಂಪಿಯರ್ ಹರಿಯಿತು ಅನ್ನಿ, 15ರ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಆದರೆ ದಾರದಂಥ ವೈರು ಅಷ್ಟರಲ್ಲಿ ಕಾದು ಕರಗುತ್ತದೆ. ನಮಗೆ ಆದದ್ದು ಇದೇ. ಆ ವೈರಿನ ಮೇಲೆ ಕಾರ್ಪೆಟ್ ಇತ್ತು, ಪಕ್ಕದಲ್ಲಿ ಫೋಮ್ ಇತ್ತು, ಹಿಂದಿನ ಸೀಟಲ್ಲಿ ಅಕ್ಕ ಕೂತಿದ್ದಳು.

ಇನ್ನೊಂದು, ಇದು ನಮ್ಮಂಥ ಗಲ್ಫಿನವರ ಮನೆಗಳ ಕತೆ. ಕಾರು ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲೇ ಇರುತ್ತದೆ. ಲೈಟನ್ನು ಸದಾ ಕರೆಂಟ್ ಇರುವ ಲೈನಿಗೆ ಕೊಟ್ಟರೆ, ಆಫ್ ಮಾಡಿದರೂ ಮೊಬೈಲಿನಿಂದ ಬಣ್ಣ ಬದಲಿಸಲು ಇರುವ ಅದರ ಬ್ಲೂಟೂತ್ ಡಬ್ಬಿ ಎಚ್ಚರವಾಗಿಯೇ ಇರುತ್ತದೆ. ಅದು ಬರೀ 30 ಮಿಲಿ ಆಂಪಿಯರ್ ಎಳೆದರೂ ತಿಂಗಳಿಗೆ 21 ಆಂಪಿಯರ್ ಅವರ್ ಮೇಲೆ ಹೋಯಿತು. ಸಣ್ಣ ಕಾರಿನ ಬ್ಯಾಟರಿ ಇರುವುದೇ 35. ಊರಿಗೆ ಬಂದು ಕೀ ತಿರುಗಿಸಿದರೆ ಟಿಕ್ ಟಿಕ್ ಶಬ್ದ ಮಾತ್ರ. ಬ್ಯಾಟರಿ ಹಾಳು ಅಂತ ಹೊಸದು ತರುತ್ತೇವೆ, ಮುಂದಿನ ವರ್ಷ ಮತ್ತೆ ಅದೇ.

ಹಾಗಂತ ಹೊರದೇಶದವರದ್ದೆಲ್ಲ ಮೇಲು ಅಂತ ನಾನು ಒಪ್ಪುವುದಿಲ್ಲ. ಅಲ್ಲಿ ಸ್ಟ್ರಿಪ್ಪಿನ ಒಂದು ತುಂಡು ಹೋದರೆ ಇಡೀ ಕಿಟ್ ಬಿಸಾಡಿ ಹೊಸದು ಹಾಕು ಅನ್ನುತ್ತಾರೆ. ಮರುದಿನ ಉಡುಪಿಯಲ್ಲಿ ನಾವು ಹೋದ ಹಳೇ ಎಲೆಕ್ಟ್ರಿಷಿಯನ್ ಹಾಗಲ್ಲ. ಡೋರ್ ಪ್ಯಾಡನ್ನು ಒಂದು ಕ್ಲಿಪ್ಪೂ ಮುರಿಯದ ಹಾಗೆ ಬಿಚ್ಚಿದರು. ಸುತ್ತಿದ್ದ ಟೇಪ್ ತೆಗೆದು ಜಾಯಿಂಟ್ ತೋರಿಸಿದರು. ಹದಿನೈದೇ ದಿನದಲ್ಲಿ ತಾಮ್ರ ಮಂಕಾಗಿತ್ತು. "ನಮ್ಮದು ಉಪ್ಪುಗಾಳಿ ಅಣ್ಣ. ಬರೀ ಟೇಪ್ ಹಾಕಿದ್ರೆ ಒಂದು ಮಳೆಗಾಲದಲ್ಲಿ ಹಸಿರಾಗ್ತದೆ. ಸೋಲ್ಡರ್ ಹಾಕಿ ಮೇಲಿಂದ ಸ್ಲೀವ್ ಎಳೀಬೇಕು." ಈ ಬುದ್ಧಿ ಮರಳುಗಾಡಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಮತ್ತೆ ಯಾಕೆ ಎಲ್ಲರೂ ಹೀಗೆ ಮಾಡುವುದಿಲ್ಲ ಅಂತ ಕೇಳಿದೆ. "ಯಾರು ಕಾಯ್ತಾರೆ ಅಣ್ಣ? ಎಷ್ಟು ಬಣ್ಣ ಬರ್ತದೆ, ಆ್ಯಪ್ ಉಂಟಾ, ಎಷ್ಟು ಕಡಿಮೆ ಮಾಡ್ತೀರಿ, ಇದೇ ಮೂರು ಪ್ರಶ್ನೆ. ಫ್ಯೂಸ್ ಎಂತದ್ದು ಅಂತ ಇವತ್ತಿನವರೆಗೆ ಒಬ್ರೂ ಕೇಳ್ಲಿಲ್ಲ." ನನಗೆ ಇದೇ ದೊಡ್ಡ ಬೇಸರ. ಕೈಯಲ್ಲಿ ಕೆಲಸ ಗೊತ್ತಿರುವವರು ನಮ್ಮೂರಲ್ಲೇ ಇದ್ದಾರೆ, ಅವರಿಗೆ ಬೇಕಾದ ಒಂದು ಗಂಟೆ ಕೊಡಲು ನಾವು ತಯಾರಿಲ್ಲ. ಫ್ಯೂಸ್ ಹೋಲ್ಡರಿಗೆ ಎರಡು ಮಸಾಲೆ ದೋಸೆಯ ದುಡ್ಡು ಸಾಕು. ಲಕ್ಷಗಟ್ಟಲೆ ಕೊಟ್ಟು ಕಾರು ತಂದವರು ಅಲ್ಲಿ ಚೌಕಾಸಿ ಮಾಡುವುದು ಸರಿಯಾ?

ಆ ಉಡುಪಿಯ ಎಲೆಕ್ಟ್ರಿಷಿಯನ್ ಲೈಟಿಗೆ ಫ್ಯೂಸ್ ಬಾಕ್ಸಿನಿಂದಲೇ ಹೊಸ ಲೈನ್ ಎಳೆದರು, ಕಬ್ಬಿಣದ ಅಂಚು ಬರುವಲ್ಲಿ ವೈರಿಗೆ ಬಟ್ಟೆಯ ಟೇಪ್ ಸುತ್ತಿದರು. ಗಾಜಿನಲ್ಲಿ ನೀಲಿ ಬೆಳಕು ಹೊಳೆದು ರಾತ್ರಿ ಮಳೆಯಲ್ಲಿ ರಸ್ತೆ ಕಾಣುವುದಿಲ್ಲ ಅಂತ ಡ್ಯಾಶ್‌ಬೋರ್ಡಿನ ಮೇಲಿದ್ದ ಸ್ಟ್ರಿಪ್ ಇಳಿಸಿ ಕಾಲಿನ ಹತ್ತಿರ ಹಾಕಿದರು, ಪೆಡಲಿಗೆ ಸಿಗದ ಹಾಗೆ. ಕೊನೆಗೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಸಣ್ಣ ಚೀಟಿ ಅಂಟಿಸಿ ಪೆನ್ನಲ್ಲಿ ಬರೆದರು: ಒಳಗಿನ ಲೈಟು, 5.