ಕೊಡಗಿನ ಹಾರರ್ ಟ್ರೈಲರಿಗೆ ಜೀರುಂಡೆ ಸಾಕು

ನಾನಿರುವ ಲಾಸ್ ಏಂಜಲೀಸ್‌ನಲ್ಲಿ ಟ್ರೈಲರ್ ಕತ್ತರಿಸುವುದೇ ಒಂದು ಪ್ರತ್ಯೇಕ ಕಸುಬು. ಅದಕ್ಕೆಂದೇ ಕಂಪನಿಗಳಿವೆ. ಸಿನಿಮಾ ಪೂರ್ತಿಯಾಗುವ ಎಷ್ಟೋ ಮುಂಚೆಯೇ ಫುಟೇಜ್ ಅವರ ಕೈಸೇರುತ್ತದೆ. ನಮ್ಮ ಕನ್ನಡದಲ್ಲಿ ಸಾಮಾನ್ಯವಾಗಿ ಸಿನಿಮಾ ಎಡಿಟ್ ಮಾಡಿ ದಣಿದವರೇ ಕೊನೆಯ ಗಡಿಬಿಡಿಯಲ್ಲಿ ಟ್ರೈಲರಿಗೂ ಕೂರಬೇಕು. ಹಾಗಾಗಿ ಹಾರರ್ ಟ್ರೈಲರಿನಲ್ಲಿ ಮಡಿಕೇರಿಯ ಮಂಜಿನಲ್ಲಿ ತೆಗೆದ ಚಂದದ ಶಾಟ್‌ಗಳ ಕೆಳಗೆ ಎಲ್ಲಿಯದೋ ಸೌಂಡ್ ಲೈಬ್ರರಿಯ ಸದ್ದು ಕೇಳುತ್ತದೆ: ಮ್ಯೂಸಿಕ್ ಬಾಕ್ಸು, ಎಳೆದೆಳೆದು ಹಾಡಿದ ಇಂಗ್ಲಿಷ್ ಶಿಶುಗೀತೆ, ಎದೆಗೆ ಗುದ್ದುವ ಢಂಕಾರ. ಅಮೆರಿಕದವರ ಸದ್ದನ್ನು ತಂದೆವು, ಅವರ ನಿಮಿಷ-ಸೆಕೆಂಡಿನ ಲೆಕ್ಕವನ್ನು ಅಲ್ಲೇ ಬಿಟ್ಟೆವು ಎಂಬುದೇ ನನ್ನ ತಕರಾರು.

ಅಮೆರಿಕದಲ್ಲಿ ಥಿಯೇಟರ್ ಟ್ರೈಲರಿಗೆ ಎರಡೂವರೆ ನಿಮಿಷದ ಮಿತಿ. 2014ರಲ್ಲಿ ಥಿಯೇಟರ್ ಮಾಲೀಕರ ಸಂಘ ಎರಡೇ ನಿಮಿಷ ಸಾಕೆಂದು ಕೇಳಿತು. ಆ ಮಿತಿಯೊಳಗೆ ಮೊದಲು ನೆಮ್ಮದಿಯ ಮನೆ, ಆಮೇಲೆ ಎಲ್ಲೋ ಏನೋ ತಪ್ಪಿದೆ ಎಂಬ ಒಂದು ಸುಳಿವು, ನಂತರ ವೇಗದ ತುಣುಕುಗಳು, ಸಿನಿಮಾದ ಹೆಸರು, ಹೆಸರಾದ ಮೇಲೊಂದು ಕೊನೆಯ ಬೆಚ್ಚು. ದೆವ್ವದ ಮುಖವನ್ನು ಆದಷ್ಟೂ ಬಚ್ಚಿಡುತ್ತಾರೆ. 1980ರ 'ದಿ ಶೈನಿಂಗ್' ಟೀಸರಿನಲ್ಲಿ ಕದಲದ ಒಂದೇ ಶಾಟ್ ಇದೆ. ಲಿಫ್ಟಿನಿಂದ ರಕ್ತ ನುಗ್ಗುತ್ತದೆ, ಅಷ್ಟೇ. ನಮ್ಮ ಮೂರು ನಿಮಿಷದಲ್ಲಿ ದೆವ್ವ, ಅದರ ಫ್ಲ್ಯಾಶ್‌ಬ್ಯಾಕ್, ಕಾಮಿಡಿ, ಹಾಡು, ಮಂತ್ರವಾದಿ ಎಲ್ಲ ಮುಗಿದುಹೋಗುತ್ತವೆ. ಮುಖ ನೋಡಿಯಾದ ಮೇಲೆ ಟಿಕೆಟ್ ಕೊಂಡು ಹೆದರಲು ಉಳಿದದ್ದೇನು?

ಬೆಚ್ಚಿಬೀಳಿಸುವ ಹೊಡೆತಕ್ಕೂ ಅಳತೆಯಿದೆ. ಆರೆಂಟು ಸೆಕೆಂಡು ಏರುವ ಸದ್ದು, ಥಟ್ಟನೆ ಕಡಿತ, 12ರಿಂದ 18 ಫ್ರೇಮ್ ಕಪ್ಪು ಪರದೆ, ಆಮೇಲೆ ಹೊಡೆತ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಆ ಕಪ್ಪು ಅರ್ಧದಿಂದ ಮುಕ್ಕಾಲು ಸೆಕೆಂಡು. ಇದನ್ನೇ ಸಮ ಅಂತರದಲ್ಲಿ ಮೂರು ಸಲ ಇಟ್ಟರೆ ನೋಡುವವರು ಮನಸ್ಸಿನಲ್ಲೇ ಎಣಿಸಿ ಸಿದ್ಧರಾಗಿಬಿಡುತ್ತಾರೆ. ಒಂದು ಸಲ ಹೊಡೆತವನ್ನು ಬೇಗ ತರಬೇಕು, ಇನ್ನೊಂದು ಸಲ ತಡಮಾಡಬೇಕು, ಮತ್ತೊಂದು ಸಲ ತರಲೇಬಾರದು.

ಇನ್ನು ಸದ್ದಿನ ಮಟ್ಟ. ಯೂಟ್ಯೂಬ್ ಜೋರಾದ ಮಿಕ್ಸನ್ನು ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ಇಳಿಸುತ್ತದೆ. ಆದಿಯಿಂದ ಅಂತ್ಯದವರೆಗೆ ಅಬ್ಬರಿಸಿದರೆ ಹೊಡೆತವೂ ಅದರ ಜೊತೆಗೇ ತಗ್ಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮೊಬೈಲಿನದು: ತೀರಾ ತಗ್ಗಿನ ಸ್ವರದ 40 ಹರ್ಟ್ಸ್ ಢಂಕಾರ ಅದರ ಪುಟ್ಟ ಸ್ಪೀಕರಿನಲ್ಲಿ ಬರುವುದೇ ಇಲ್ಲ.

ಕೊಡಗಿನ ಜೀರುಂಡೆ ಇಲ್ಲಿ ನೆರವಿಗೆ ಬರುತ್ತದೆ. ಅದರ ಕೂಗು ಕೆಲವು ಸಾವಿರ ಹರ್ಟ್ಸ್ ಮೇಲಿನದು, ಅಗ್ಗದ ಫೋನಿನಲ್ಲೂ ಸ್ಪಷ್ಟ. ಏಪ್ರಿಲ್, ಮೇ ತಿಂಗಳ ಸಂಜೆ ಕಾಫಿ ತೋಟದ ನೆರಳುಮರಗಳಲ್ಲಿ ಅದು ಕಿವಿ ತುಂಬುತ್ತದೆ. ಯಾರಾದರೂ ಹತ್ತಿರ ಬಂದರೆ ಆ ಮರದ್ದು ಮೊದಲು ಸುಮ್ಮನಾಗುತ್ತದೆ, ದೂರದವು ಕೂಗುತ್ತಲೇ ಇರುತ್ತವೆ. ತೋಟದಲ್ಲಿ ನಡೆದವರಿಗೆಲ್ಲ ಅದರ ಅರ್ಥ ಗೊತ್ತು: ಪಕ್ಕದಲ್ಲೇ ಯಾರೋ ಇದ್ದಾರೆ. ಕಪ್ಪು ಪರದೆಗಿಂತ ಒಳ್ಳೆಯ ಮೌನ ಇದು. ಆದರೆ ನಮ್ಮಲ್ಲಿ ಮಾತನ್ನು ಸ್ಟುಡಿಯೋದಲ್ಲಿ ಡಬ್ ಮಾಡುವ ರೂಢಿ ಹೆಚ್ಚು, ಲೊಕೇಶನ್ ಸದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ. ಮಾಡಬೇಕಾದ್ದು ಇಷ್ಟೇ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡರ್ ಹಚ್ಚಿ, ಜನರೇಟರಿನಿಂದ ದೂರ, ಮರದ ಬುಡದಲ್ಲಿ ಮೈಕ್ ಇಟ್ಟು ಹತ್ತು ನಿಮಿಷ ಅಲುಗದೆ ಕೂರಬೇಕು. ಕೂಗು ತುಂಬಿಬಂದ ಮೇಲೆ ಒಬ್ಬರನ್ನು ಮರದತ್ತ ನಡೆಸಬೇಕು. ಎಡಿಟಿಂಗ್‌ನಲ್ಲಿ ಆ ಮೌನವನ್ನು ಹೀಗೆ ಹಿಡಿಯದೆ ಕೂಗನ್ನು ಒಮ್ಮೆಗೇ ಕತ್ತರಿಸಿದರೆ ಕರೆಂಟು ಹೋದಂತೆ ಕೇಳುತ್ತದೆ. ಹಿನ್ನೆಲೆ ಸದ್ದು ಅಳಿಸುವ ನಾಯ್ಸ್ ರಿಡಕ್ಷನ್ ಹಾಕಿದರೆ ಜೀರುಂಡೆಯೇ ಮಾಯ.

ಜಡಿಮಳೆಯನ್ನು ಪಿಸುಮಾತಿನ ಕೆಳಗೆ ಇಡಬೇಡಿ, ಮಾತನ್ನು ನುಂಗುತ್ತದೆ. ಮಳೆ ನಿಂತ ಮೇಲೆ ಹೆಂಚಿನಂಚಿನಿಂದ ಬೀಳುವ ಹನಿ ಸಾಕು. ಮಂಜಿನ ಶಾಟು ಯೂಟ್ಯೂಬಿನ ಕಂಪ್ರೆಷನ್‌ಗೆ ಸಿಕ್ಕಿ ಪಟ್ಟೆಪಟ್ಟೆಯಾಗುತ್ತದೆ. ಫಿಲ್ಮಿನಂಥ ಸಣ್ಣ ಚುಕ್ಕೆಗಳ ತೆಳುವಾದ ಗ್ರೇನ್ ಸೇರಿಸಿ 4ಕೆಯಲ್ಲಿ ಅಪ್‌ಲೋಡ್ ಮಾಡಿದರೆ ಬಹಳಷ್ಟು ಸರಿಹೋಗುತ್ತದೆ.

ಒಂದು ಮಾತನ್ನು ಕಳಕಳಿಯಿಂದ ಹೇಳಬೇಕು. ಐನ್‌ಮನೆಯನ್ನು ಭೂತಬಂಗಲೆ ಮಾಡಬೇಡಿ. ಅದು ಕೊಡವರ ಒಂದು ಒಕ್ಕದ, ಅಂದರೆ ಕುಲದ, ಮೂಲಮನೆ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ದೀಪವಿಟ್ಟು ಹಿರಿಯರನ್ನು ನೆನೆಯುವ ಜಾಗ. ಹಿರಿಯರ ಗುಡಿಯಾದ ಕೈಮಡವೂ ಹಾಗೆಯೇ. ಅಲ್ಲಿರುವ ಕಾರಣವರು, ಅಂದರೆ ಕುಲದ ಹಿರಿಯರು, ಮನೆ ಕಾಯುವವರು, ಕಾಡುವವರಲ್ಲ. ಟ್ರೈಲರಿನ ಎರಡು ಸೆಕೆಂಡಿನ ತುಣುಕಿನಲ್ಲಿ ಆ ವ್ಯತ್ಯಾಸವನ್ನು ವಿವರಿಸಲು ಜಾಗವಿರುವುದಿಲ್ಲ. ಪಾಳುಬಿದ್ದ ಎಸ್ಟೇಟ್ ಬಂಗಲೆಯ ಸೆಟ್ ಹಾಕಿಕೊಳ್ಳಲಿ, ಯಾರಿಗೂ ನೋವಿಲ್ಲ.

ಕೊನೆಯ ಬೆಚ್ಚು ಅಮೆರಿಕದ ಟ್ರೈಲರಿನಲ್ಲಿ ಹೆಸರಿನ ನಂತರ ಬರುತ್ತದೆ. ನಮ್ಮವರು ಅದನ್ನೇ ಅನುಸರಿಸಿ ಯೂಟ್ಯೂಬಿಗೆ ಹಾಕುವಾಗ, ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಬರುವ, ಬೇರೆ ವೀಡಿಯೊಗಳತ್ತ ಕರೆಯುವ ಎಂಡ್ ಸ್ಕ್ರೀನ್ ಚೌಕಗಳು ಅದರ ಮೇಲೆಯೇ ಕೂರುತ್ತವೆ. ಬೆಚ್ಚು ಮುಗಿದ ಮೇಲೆ ಬಿಡುಗಡೆ ದಿನಾಂಕವನ್ನು ಹತ್ತು ಸೆಕೆಂಡು ನಿಲ್ಲಿಸಿ, ಚೌಕಗಳನ್ನು ಅಲ್ಲಿಗೆ ತಳ್ಳಿ.