ಕೊಳ್ಳಿದೆವ್ವ ಕಾಯಲು ಹೋಗಿದ್ದು

ಕುಂತಿಬೆಟ್ಟದ ಮೇಲೆ ರಾತ್ರಿ ಹೊತ್ತು ಏನೋ ಬೆಳಕು ಓಡಾಡುತ್ತದೆ ಅಂತ ಪಾಂಡವಪುರದ ಪಕ್ಕದಲ್ಲಿರುವ ಅಕ್ಕನ ಊರಲ್ಲಿ ಸುದ್ದಿ. ಅಕ್ಕನ ಅತ್ತೆ ಅದನ್ನು ಕೊಳ್ಳಿದೆವ್ವ ಅಂದರು. ಭಾವ ಹಾರುವ ತಟ್ಟೆ ಅಂದರು. ಮೈಸೂರಲ್ಲಿ ಸೈನ್ಸ್ ಓದಿದ ತಪ್ಪಿಗೆ ತೀರ್ಪು ಹೇಳೋಕೆ ನಾನೂ ಹೋಗಬೇಕಾಯಿತು.

ನಾಲೆ ಏರಿ ಮೇಲೆ ಚಾಪೆ ಹಾಸಿದೆವು. ಫ್ಲಾಸ್ಕ್ ತುಂಬ ಕಾಫಿ, ಆರು ಮದ್ದೂರು ವಡೆ, ತಲೆಗೆ ಕಟ್ಟುವ ಎರಡು ಟಾರ್ಚು. ಸೊಳ್ಳೆಬತ್ತಿ ಇತ್ತು, ಬೆಂಕಿಪೊಟ್ಟಣ ಮನೆಯಲ್ಲೇ ಉಳಿದಿತ್ತು.

ಏಳೂಕಾಲಿಗೆ ಒಂದು ಹೊಳೆಯುವ ಚುಕ್ಕಿ ಸದ್ದಿಲ್ಲದೆ ಆಕಾಶ ದಾಟಿತು. ಭಾವ ಎದ್ದು ನಿಂತರು. ನಾನು ಗತ್ತಿನಿಂದ, ‘ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭಾವ. 400 ಕಿಲೋಮೀಟರ್ ಮೇಲಿದೆ. 90 ನಿಮಿಷಕ್ಕೆ ಭೂಮಿಗೆ ಒಂದು ಸುತ್ತು’ ಅಂದೆ. ಸುಮ್ನೆ ಇರಬೇಕಿತ್ತು. ಭಾವ ವಾಚು ನೋಡಿಕೊಂಡು ಎಂಟೂಮುಕ್ಕಾಲಿನ ತನಕ ಕಾದರು. ಅದು ಕಾಣಲಿಲ್ಲ. ಅದಕ್ಕೆ ಸ್ವಂತ ಬೆಳಕಿಲ್ಲ, ಬಿಸಿಲು ಬಿದ್ದರಷ್ಟೇ ಹೊಳೆಯುತ್ತದೆ, ಈಗ ಭೂಮಿಯ ನೆರಳಲ್ಲಿರಬೇಕು ಅಂತೆಲ್ಲ ಹೇಳಿದೆ.

‘ನಿನ್ನ ಸೈನ್ಸೂ ನಮ್ಮೂರ ಬಸ್ಸೂ ಒಂದೇ ಕಣೋ’ ಅಂದರು.

ನಡುರಾತ್ರಿ ಜೊಂಪು ಹತ್ತಿತ್ತು. ಇದ್ದಕ್ಕಿದ್ದಂತೆ ಭಾವ ‘ಅಯ್ಯಯ್ಯೋ’ ಅಂತ ನೆಗೆದರು. ನಾವು ಚಾಪೆ ಹಾಸಿದ್ದು ಕೆಂಪಿರುವೆ ಗೂಡಿನ ಮೇಲೆ! ವಡೆ ಮುಗಿಸಿ ನಮ್ಮ ಕಾಲಿಗೆ ಬಂದಿದ್ದವು. ಭಾವ ಪಂಚೆ ಕೊಡವುತ್ತಾ, ನಾನು ಪ್ಯಾಂಟು ಬಿಚ್ಚುತ್ತಾ, ಹಣೆ ಮೇಲೆ ಟಾರ್ಚು ಉರಿಸಿಕೊಂಡು ಹತ್ತು ನಿಮಿಷ ಕುಣಿದೆವು. ದೂರದಲ್ಲಿ ಯಾರೋ ಕೂಗಿಕೊಂಡು ಓಡಿದ ಸದ್ದಾಯಿತು. ಅದನ್ನು ವಿಚಾರಿಸುವ ಸ್ಥಿತಿಯಲ್ಲಿ ನಾವಿರಲಿಲ್ಲ.

ನಾಲ್ಕು ಗಂಟೆಗೆ ಬೆಟ್ಟದ ಮೇಲೆ ನಿಜವಾಗಲೂ ಬೆಳಕು ಕಂಡವು, ಸಾಲಾಗಿ, ಏಳೆಂಟು. ನಡುವೆ ಒಂದು ನಿಂತಿತು, ಫಳಕ್ ಅಂತ ಫ್ಲ್ಯಾಶ್ ಹೊಡೆಯಿತು. ಸೂರ್ಯೋದಯ ನೋಡೋಕೆ ಬಂದ ಚಾರಣದ ಹುಡುಗರು, ಸೆಲ್ಫಿ ತೆಗೀತಿದ್ದರು. ಭಾವ ಮಾತಾಡದೆ ಚಾಪೆ ಸುತ್ತಿದರು.

ಬೆಳಿಗ್ಗೆ ಜಗಲಿ ಮೇಲೆ ಕೂತು ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು. ಪಕ್ಕದ ಗದ್ದೆಯವನು ಏದುಸಿರು ಬಿಡುತ್ತಾ ಬಂದ.

‘ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟು ಬಂತು ಅಂತ ಮೋಟ್ರು ಹಾಕಕ್ಕೆ ಹೋಗಿದ್ದೆ ಕಣಕ್ಕ. ನಾಲೆ ಏರಿ ಮ್ಯಾಲೆ ಜೋಡಿ ಕೊಳ್ಳಿದೆವ್ವ! ಕುಣೀತಿದ್ವು. ಒಂದಕ್ಕೆ ಬಟ್ಟೇನೇ ಇರ್ನಿಲ್ಲ.’

ಅಕ್ಕ ನಮ್ಮಿಬ್ಬರ ಕಡೆ ತಿರುಗಿದಳು. ಭಾವ ಮೆಲ್ಲಗೆ ಪಂಚೆಯನ್ನು ಪಾದದವರೆಗೂ ಎಳೆದುಕೊಂಡು, ‘ಛೆ, ಹೌದೇನಪ್ಪಾ?’ ಅಂದರು.