ಕ್ರಿಯಾಪದಕ್ಕೂ ಮೊದಲೇ ಎದ್ದ ಕೂಗು

ಒಳ್ಳೆಯ ಭಾಷಣ ಅಂದರೆ ಚರ್ಚಿಲ್ ಅವರದ್ದು ಎಂದು ಬಹಳ ದಿನ ನಂಬಿದ್ದೆ. 1940ರ ಜೂನ್ 4ರಂದು ಬ್ರಿಟನ್ ಸಂಸತ್ತಿನಲ್ಲಿ ಅವರು 'ವಿ ಶಲ್ ಫೈಟ್' ಎನ್ನುತ್ತಲೇ ಹೋದರು. ಕಡಲ ದಂಡೆ, ಹೊಲ, ಬೀದಿ, ಗುಡ್ಡ ಹೀಗೆ ಜಾಗ ಮಾತ್ರ ಬದಲಾಗುತ್ತದೆ. ಮೊದಲ ಮೂರು ಪದ ಸುತ್ತಿಗೆಯ ಹಾಗೆ ಬೀಳುತ್ತಲೇ ಇರುತ್ತವೆ. ಇಂಗ್ಲಿಷಿಗೆ ಇದು ಸಲೀಸು. ಯಾರು, ಏನು ಮಾಡುತ್ತಾರೆ ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ.

ಜರ್ಮನಿಗೆ ಬಂದು ಭಾಷೆ ಕಲಿತ ಮೇಲೆ ನನ್ನ ಮನಸ್ಸು ಬದಲಾಯಿತು. ಜರ್ಮನ್ನಿನ ಎಲ್ಲ ವಾಕ್ಯಗಳಲ್ಲೂ ಅಲ್ಲ, ಉಪವಾಕ್ಯಗಳಲ್ಲಿ ಕ್ರಿಯಾಪದ ನಮ್ಮಲ್ಲಿಯ ಹಾಗೆ ಕೊನೆಗೇ ಬರುತ್ತದೆ. ಕೇಳುವವರು ಕಾಯಲೇಬೇಕು.

1989ರ ಸೆಪ್ಟೆಂಬರ್ 30ರ ಸಂಜೆ. ಪ್ರಾಗ್‌ನ ಪಶ್ಚಿಮ ಜರ್ಮನಿ ರಾಯಭಾರ ಕಚೇರಿ. ಪಶ್ಚಿಮ ಜರ್ಮನಿಗೆ ಹೋಗಬೇಕೆಂದು ಪೂರ್ವ ಜರ್ಮನಿ ಬಿಟ್ಟು ಬಂದ ಸಾವಿರಾರು ಜನ ಅಲ್ಲಿನ ತೋಟದಲ್ಲಿ ತುಂಬಿಕೊಂಡಿದ್ದರು. ವಿದೇಶಾಂಗ ಸಚಿವ ಗೆನ್‌ಷರ್ ಬಾಲ್ಕನಿಗೆ ಬಂದರು. ಅವರೂ 1952ರಲ್ಲಿ ಹಾಗೇ ಊರು ಬಿಟ್ಟು ಬಂದವರು. 'ನಿಮಗೊಂದು ವಿಷಯ ತಿಳಿಸಲು ಬಂದಿದ್ದೇವೆ, ಇವತ್ತು ನಿಮ್ಮ ಪ್ರಯಾಣ...' ಅಷ್ಟೇ. ಮುಂದಿನದು ಜನರ ಕೂಗಿನಲ್ಲಿ ಮುಳುಗಿಹೋಯಿತು. ಬಾಕಿ ಉಳಿದದ್ದು ಕ್ರಿಯಾಪದ! ಅದನ್ನು ಜನರೇ ಮನಸ್ಸಿನಲ್ಲಿ ತುಂಬಿಕೊಂಡರು. ಆ ರೆಕಾರ್ಡಿಂಗ್ ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆಗಿನ ಜರ್ಮನ್ ಚಾನ್ಸಲರ್ ಮರ್ಕೆಲ್ 2015ರಲ್ಲಿ ನಿರಾಶ್ರಿತರ ಬಗ್ಗೆ ಹೇಳಿದ 'ವೀರ್ ಶಾಫೆನ್ ದಾಸ್' ಬೇರೆ ಥರದ್ದು. ಮೂರೇ ಪದ. ನಮ್ಮಲ್ಲಿ ಎರಡೇ ಸಾಕು: 'ನಮ್ಮಿಂದ ಆಗುತ್ತೆ.'

ಇದನ್ನೆಲ್ಲ ಹೇಳಲು ಕಾರಣವಿದೆ. ಹೊರನಾಡಿನ ನಮ್ಮ ಸಭೆಗಳಲ್ಲಿ ಕನ್ನಡ ಭಾಷಣವನ್ನು ಇಂಗ್ಲಿಷ್ ಅಚ್ಚಿಗೆ ಸುರಿಯುತ್ತೇವೆ. 'ನಾವು ಕಲಿಸುತ್ತೇವೆ, ನಾವು ಬೆಳೆಸುತ್ತೇವೆ, ನಾವು ಉಳಿಸುತ್ತೇವೆ.' ಪ್ರತಿ ಸಲ 'ನಾವು' ಯಾಕೆ ಬೇಕು? 'ಉಳಿಸುತ್ತೇವೆ' ಅಂದರೆ ಸಾಕು, 'ನಾವು' ಅದರಲ್ಲೇ ಇದೆ. ಇಂಗ್ಲಿಷಿನಲ್ಲಿ ಪೆಟ್ಟು ವಾಕ್ಯದ ತಲೆಗೆ ಬೀಳುತ್ತದೆ. ಕನ್ನಡದಲ್ಲಿ ಅದು ಬಾಲಕ್ಕೆ ಬೀಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೂ ಮುಂಚೆ ಸ್ವಲ್ಪ ಕಾಯಿಸಬೇಕು. ಜರ್ಮನ್ನಿಗೆ ಒಮ್ಮೊಮ್ಮೆ ಸಿಗುವ ಈ ಅವಕಾಶ ನಮಗೆ ದಿನವೂ ಇದೆ, ಅಲ್ವಾ?

ಈ ಸಲದ ರಾಜ್ಯೋತ್ಸವಕ್ಕೆ ನಾನು ಬರೆದಿಟ್ಟುಕೊಂಡ ಸಾಲು ಹೀಗಿದೆ: 'ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಮಕ್ಕಳ ಹತ್ತಿರ ಮಾತಾಡುತ್ತೇವೆ, ಅವರು ಜರ್ಮನ್ನಿನಲ್ಲಿ ಉತ್ತರ ಕೊಟ್ಟರೂ ಮಾತಾಡುತ್ತೇವೆ.'